ಮರಳು ಗುಡ್ಡೆ ಖಾಲಿಯಾದ ಮೇಲೆ: ಒಂದು ಕೈತೋಟ, ಐದು ಬೆಕ್ಕು

ಮೊದಲು ಕೈಗೆ ಹತ್ತಿದ್ದು ಅಮ್ಮನಿಗೆ. 2025ರ ಫೆಬ್ರವರಿ ಕೊನೆಯ ವಾರ, ಬೆಳಿಗ್ಗೆ ಆರೂವರೆ. ಹಿಂದಿನ ದಿನವಷ್ಟೇ ಕೊತ್ತಂಬರಿ ಬೀಜವನ್ನು ಮಣೆಯ ಮೇಲೆ ಉಜ್ಜಿ, ಎರಡು ಹೋಳು ಮಾಡಿ ಬಿತ್ತಿದ್ದ ಮಡಿ. ಅದರ ಮಧ್ಯದಲ್ಲಿ ಮಣ್ಣು ಸಣ್ಣ ಗುಪ್ಪೆಯಾಗಿತ್ತು. ಇರುವೆ ಗೂಡಿರಬೇಕು ಅಂದುಕೊಂಡು ಬೆರಳಲ್ಲಿ ಸರಿಸಿದರು. ಬೆಕ್ಕಿನ ಹೇಲು. ಆಮೇಲೆ ಬಚ್ಚಲಲ್ಲಿ ಮೂರು ಸಲ ಸೋಪು ಹಾಕಿ ಕೈ ತೊಳೆದರು, ತಲೆಗೆ ಸ್ನಾನ ಮಾಡಿದರು, ಆ ಹೊತ್ತಿನ ತಿಂಡಿ ಬೇಡ ಅಂದರು. ಮಾರನೇ ದಿನ ಅದೇ ಮಡಿಯಲ್ಲಿ ಎರಡು ಗುಪ್ಪೆ. ನಾಲ್ಕನೇ ದಿನ ತುಳಸಿ ಕುಂಡದಲ್ಲಿ. ಅಲ್ಲಿಗೆ ಇದು ನಮ್ಮ ಮನೆಯ ಏಕೈಕ ಸಮಸ್ಯೆಯಾಯಿತು.

ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ನಲವತ್ತು ಅರವತ್ತರ ಸೈಟು. ಮುಂದೆ ಮೂರು ಸೊಪ್ಪಿನ ಮಡಿ, ಒಂದೊಂದೂ ಎಂಟಡಿ ಉದ್ದ, ನಾಲ್ಕಡಿ ಅಗಲ. ಸಜ್ಜದ ಕೆಳಗೆ ಸಾಲಾಗಿ ಇಪ್ಪತ್ತೆರಡು ಕುಂಡ. ಹಿಂದೆ ಸಂಪಿನ ಪಕ್ಕ ಒಂದು ನುಗ್ಗೆಮರ, ಕಾಂಪೌಂಡಿಗೆ ಒರಗಿಕೊಂಡು ಕಣಗಿಲೆ. ದಂಟು, ಮೆಂತ್ಯ, ಪಾಲಕ್, ಕೊತ್ತಂಬರಿ ಸರದಿ ಮೇಲೆ ಬರುತ್ತಿರುತ್ತವೆ. ಅಪ್ಪ ಹೋದ ಮೇಲೆ ಅಮ್ಮನ ದಿನ ಶುರುವಾಗುವುದೂ ಮುಗಿಯುವುದೂ ಈ ಮಡಿಗಳ ಹತ್ತಿರ.

ಬೆಕ್ಕುಗಳು ಹೊಸದಾಗಿ ಬಂದವಲ್ಲ. ಬೀದಿಯಲ್ಲಿ ಐದಿದ್ದವು, ಯಾವುದೂ ಯಾರದ್ದೂ ಅಲ್ಲ. ಮೂರು ಬಣ್ಣದ ಒಂದು ಹೆಣ್ಣು, ಅದರದೇ ಎರಡು ಹರೆಯದ ಮರಿ, ಒಂದು ಕರಿಬೆಕ್ಕು, ಮತ್ತೆ ಕಿವಿ ಹರಿದುಕೊಂಡ ಒಂದು ಗಡವ. ಅವು ವರ್ಷಗಟ್ಟಲೆ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಓಡಾಡಿಕೊಂಡೇ ಇದ್ದವು. ಒಮ್ಮೆಯೂ ಮಡಿ ಮುಟ್ಟಿರಲಿಲ್ಲ. ಈ ಮಾತನ್ನು ನಾನು ಮೊದಲ ದಿನವೇ ಗಟ್ಟಿಯಾಗಿ ಯೋಚಿಸಿದ್ದರೆ ಏಳು ವಾರ ಉಳಿಯುತ್ತಿತ್ತು. ಯೋಚಿಸಲಿಲ್ಲ. ಎಲ್ಲರಂತೆ ಓಡಿಸಲು ಹೊರಟೆ.

ಆ ಏಳು ವಾರ

ಕಿತ್ತಳೆ ಸಿಪ್ಪೆಯಿಂದ ಶುರು. ಹುಳಿಹಣ್ಣಿನ ವಾಸನೆ ಬೆಕ್ಕಿಗೆ ಆಗುವುದಿಲ್ಲ ಅನ್ನುವುದು ನಿಜ, ಹಸಿಯಾಗಿರುವ ತನಕ. ಮೈಸೂರಿನ ಮಾರ್ಚ್ ಬಿಸಿಲಿಗೆ ಸಿಪ್ಪೆ ಎರಡನೇ ದಿನಕ್ಕೇ ಗರಿಗರಿ ಒಣಗಿ, ಮೂರನೇ ದಿನ ಅದರ ಮೇಲೇ ಮಣ್ಣು ಕೆರೆದು ಮುಚ್ಚಿತ್ತು.

ಆಮೇಲೆ ನೀಲಿ ನೀರಿನ ಬಾಟಲಿ. ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಗೇಟಿನ ಮುಂದೆ ಇಟ್ಟರೆ ನಾಯಿ ಗಲೀಜು ಮಾಡುವುದಿಲ್ಲ ಎಂಬ ನಂಬಿಕೆ ನಮ್ಮೂರಿನ ಬೀದಿಬೀದಿಯಲ್ಲಿದೆ. ಕೆಲವರು ಕುಂಕುಮದ ನೀರು ಇಡುತ್ತಾರೆ. ಎದುರುಮನೆ ಮೇಷ್ಟ್ರು ಆರು ಬಾಟಲಿ ತಾವೇ ತಯಾರಿಸಿ ತಂದುಕೊಟ್ಟರು. ಬೆಳಿಗ್ಗೆ ಎದ್ದು ನೋಡಿದರೆ ಕರಿಬೆಕ್ಕು ಒಂದು ಬಾಟಲಿಗೆ ಬೆನ್ನು ತಾಗಿಸಿಕೊಂಡು ಮಲಗಿತ್ತು. ಮೇಷ್ಟ್ರಿಗೆ ಹೇಳಲಿಲ್ಲ, ಬೇಸರ ಮಾಡಿಕೊಳ್ಳುತ್ತಾರೆ.

ಖಾರದ ಪುಡಿ ಅಮ್ಮನ ಪ್ರಯೋಗ. ಅದು ಗಾಳಿಗೆ ಎದ್ದು ಅವರ ಕಣ್ಣಿಗೇ ಬಿತ್ತು. ಅಷ್ಟರಲ್ಲೇ ನಿಲ್ಲಿಸಿದ್ದು ಒಳ್ಳೆಯದಾಯಿತು. ಬೆಕ್ಕು ಪಾದ ನೆಕ್ಕಿ ಅದೇ ಪಾದದಿಂದ ಮುಖ ತೊಳೆದುಕೊಳ್ಳುವ ಪ್ರಾಣಿ. ಕಾಲಿಗಂಟಿದ ಖಾರ ನೇರ ಕಣ್ಣಿಗೆ ಹೋಗುತ್ತದೆ.

ಹೆಚ್ಚು ಗಾಬರಿಯಾದದ್ದು ಫಿನಾಯಿಲ್ ಮತ್ತು ನುಸಿ ಗುಳಿಗೆ ವಿಷಯಕ್ಕೆ. ದಿನಸಿ ಅಂಗಡಿಯವರು "ಒಂದು ಮುಚ್ಚಳ ಫಿನಾಯಿಲ್ ಸುರೀರಿ, ತಲೆ ಹಾಕಲ್ಲ" ಅಂದಿದ್ದರಂತೆ. ನಾನು ನೋಡುವಷ್ಟರಲ್ಲಿ ತುಳಸಿ ಕುಂಡದ ಸುತ್ತ ಸುರಿದಾಗಿತ್ತು, ಮೆಂತ್ಯದ ಮಡಿಯ ಅಂಚಿಗೆ ಎಂಟು ನುಸಿ ಗುಳಿಗೆ ಇಟ್ಟಾಗಿತ್ತು. ಎಲ್ಲವನ್ನೂ ಮಣ್ಣಿನ ಸಮೇತ ಎತ್ತಿಹಾಕಿದೆ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಅದಕ್ಕೆ ವಿಷವಾಗುವುದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ನುಸಿ ಗುಳಿಗೆಯ ನ್ಯಾಫ್ತಲಿನ್ ಬೆಕ್ಕಿಗೂ ಆಗದು, ಅಂಗಳಕ್ಕೆ ಬರುವ ಮಕ್ಕಳಿಗೂ ಆಗದು. ಅದನ್ನು ಸೊಪ್ಪಿನ ಮಡಿಯಲ್ಲಿ ಇಡುವುದೆಂದರೆ ಬೆಕ್ಕಿನ ಗಲೀಜು ತಪ್ಪಿಸಲು ಅದಕ್ಕಿಂತ ಕೆಟ್ಟದ್ದನ್ನು ಊಟದ ಹತ್ತಿರ ತಂದಂತೆ.

ಆನ್‌ಲೈನಿನಲ್ಲಿ ತರಿಸಿದ, ಮನುಷ್ಯರಿಗೆ ಕೇಳಿಸದ ಶಬ್ದ ಮಾಡುವ ಯಂತ್ರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಾವಿರದ ಇನ್ನೂರು ರೂಪಾಯಿ ಕೊಟ್ಟೆ. ಮೂರು ದಿನ ಬೆಕ್ಕುಗಳು ಕಿವಿ ನಿಮಿರಿಸಿ ನೋಡಿದವು, ನಾಲ್ಕನೇ ದಿನ ನೋಡುವುದನ್ನೂ ಬಿಟ್ಟವು.

ಗೋಣಿಚೀಲದ ಸಲಹೆಯೂ ಬಂತು. "ಹಿಡಿದು ಮಾರ್ಕೆಟ್ಟಿಗೆ ಬಿಟ್ಟುಬನ್ನಿ, ಮೀನು ಮಾಂಸ ತಿಂದ್ಕೊಂಡಿರ್ತವೆ" ಅಂತ ಒಬ್ಬರು. "ಏನಾದ್ರೂ ಹಾಕ್ಬಿಡಿ" ಅಂತ ಇನ್ನೊಬ್ಬರು, ದನಿ ತಗ್ಗಿಸಿ. ಪ್ರಾಣಿಗೆ ವಿಷ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಅಪರಾಧ, ಐದು ವರ್ಷದವರೆಗೆ ಜೈಲಾಗಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬೇರೆ ಇದೆ. ಆದರೆ ಅಮ್ಮನ ಮುಂದೆ ಕಾನೂನು ಹೇಳಬೇಕಾಗಲಿಲ್ಲ. "ಬೆಕ್ಕು ಕೊಂದ್ರೆ ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಕೊಡ್ಬೇಕು. ಈಗಿನ ರೇಟಲ್ಲಿ ಬಾಲಾನೂ ಬರಲ್ಲ" ಅಂದರು. ಮಾತು ಅಲ್ಲಿಗೆ ಮುಗಿಯಿತು. ಬೇರೆ ಕಡೆ ಬಿಟ್ಟುಬರುವುದಂತೂ ವ್ಯರ್ಥ. ಬಿಟ್ಟ ಬೆಕ್ಕು ಎಷ್ಟೋ ಸಲ ವಾಪಸ್ ಬರುತ್ತದೆ. ಬಾರದಿದ್ದರೆ ಖಾಲಿಯಾದ ಜಾಗಕ್ಕೆ ಪಕ್ಕದ ಬೀದಿಯದು ಬರುತ್ತದೆ.

ಅಮ್ಮನಿಗೂ ಹಿಂದಿನ ಬೀದಿಯ ಅಜ್ಜಿಗೂ ಇದೇ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆದಿತ್ತು. ಅಜ್ಜಿ ದಿನಾ ರಾತ್ರಿ ಬೆಕ್ಕುಗಳಿಗೆ ಹಾಲು ಇಡುತ್ತಾರೆ. "ತಿನ್ನಿಸೋದು ಅವರ ಮನೇಲಿ, ಹೇಲೋದು ನಮ್ಮನೇಲಿ" ಎಂದು ಅಮ್ಮ ಗೇಟಿನ ಹತ್ತಿರ ನಿಂತು ಅಂದದ್ದು ಬೀದಿಗೆಲ್ಲ ಕೇಳಿಸಿತು.

ರಂಗೋಲಿ ಪುಡಿ

ಏಪ್ರಿಲ್ ಎರಡನೇ ವಾರ ತಂಗಿ ಫೋನ್ ಮಾಡಿ, ಮೇ ಕೊನೆಗೆ ಬರುತ್ತೇನೆ ಅಂದಳು. ಚೊಚ್ಚಲ ಹೆರಿಗೆ, ಏಳು ತುಂಬಿರುತ್ತದೆ, ಬಾಣಂತನ ನಮ್ಮಲ್ಲೇ. ಅಲ್ಲಿಯವರೆಗೆ ಅಸಹ್ಯದ ವಿಷಯವಾಗಿದ್ದದ್ದು ಅವತ್ತಿನಿಂದ ಆರೋಗ್ಯದ ವಿಷಯವಾಯಿತು. ನಾನು ಓಡಿಸುವುದನ್ನು ನಿಲ್ಲಿಸಿ ನೋಡಲು ಕೂತೆ.

ಒಂಬತ್ತು ದಿನ, ರಾತ್ರಿ ಮಲಗುವ ಮುಂಚೆ ಮಡಿಗಳ ಸುತ್ತ ಒಂದಡಿ ಅಗಲಕ್ಕೆ ರಂಗೋಲಿ ಪುಡಿಯನ್ನು ಜರಡಿ ಹಿಡಿದೆ. ಬೆಳಿಗ್ಗೆ ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದರೆ ಹೆಜ್ಜೆಗಳು ಎದ್ದು ಕಾಣುತ್ತಿದ್ದವು. ಸುಮಾರು ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡದು, ನಾಲ್ಕು ಬೆರಳು, ಹಿಂದೆ ಒಂದು ಅಂಗಾಲಿನ ಗುರುತು, ಉಗುರಿನ ಗೀರಿಲ್ಲ. ಬೆಕ್ಕು ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತದೆ. ನಾಯಿಯಾದರೆ ಉಗುರು ಊರಿದ್ದು ಮುಂದೆ ಕಾಣುತ್ತದೆ.

ಇದರಿಂದ ಒಂದು ತಪ್ಪು ಲೆಕ್ಕ ಸರಿಯಾಯಿತು. ಕಾಂಪೌಂಡ್ ಗೋಡೆಯ ಮೂಲೆಯಲ್ಲಿ ಆಗಾಗ ಬೀಳುತ್ತಿದ್ದುದನ್ನೂ ನಾವು ಬೆಕ್ಕುಗಳ ಲೆಕ್ಕಕ್ಕೇ ಬರೆದಿದ್ದೆವು. ಕಡ್ಡಿಯಲ್ಲಿ ಕೆದಕಿ ನೋಡಿದರೆ ತುಂಬಾ ಸಪೋಟ ಮತ್ತು ಪರಂಗಿ ಬೀಜ. ಅದು ಪುನುಗು ಬೆಕ್ಕು. ಹೆಸರಲ್ಲಿ ಬೆಕ್ಕಿದ್ದರೂ ಅದರ ಕುಲ ಬೇರೆ. ಹಣ್ಣು ತಿನ್ನುತ್ತದೆ, ಮರ ಸೂರು ಹತ್ತಿ ತಿರುಗುತ್ತದೆ, ಗೋಡೆ ಮೇಲೋ ಹೆಂಚಿನ ಮೇಲೋ ಬಯಲಲ್ಲೇ ಹಿಕ್ಕೆ ಹಾಕಿ ಹೋಗುತ್ತದೆ, ಮುಚ್ಚುವುದಿಲ್ಲ. ಮಡಿಗೆ ಅದರಿಂದ ತೊಂದರೆಯಿರಲಿಲ್ಲ, ಹಾಗೇ ಬಿಟ್ಟೆವು. ನಿಮ್ಮ ತೋಟದಲ್ಲೂ ಗಲೀಜು ಮುಚ್ಚದೆ ಎತ್ತರದಲ್ಲಿ ಬಿದ್ದಿದ್ದರೆ, ಅದರಲ್ಲಿ ಬೀಜಗಳಿದ್ದರೆ, ಬೀದಿ ಬೆಕ್ಕನ್ನು ಬೈಯುವ ಮುಂಚೆ ಒಂದು ಸಲ ಕೆದಕಿ ನೋಡಿ.

ಒಂಬತ್ತು ದಿನದ ಲೆಕ್ಕ ಹೀಗಿತ್ತು: ಒಟ್ಟು ಇಪ್ಪತ್ಮೂರು. ಹದಿಮೂರು, ಬೀಜ ಬಿತ್ತಿ ಇನ್ನೂ ಮೊಳಕೆ ಬಾರದ ಮಡಿಯಲ್ಲಿ. ಏಳು, ಸಜ್ಜದ ಕೆಳಗಿನ ಕುಂಡಗಳಲ್ಲಿ, ಅದರಲ್ಲೂ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಿದ್ದವುಗಳಲ್ಲಿ ಮಾತ್ರ. ತುಳಸಿಯಲ್ಲಿ ಎರಡು, ಸಂಪಿನ ಹತ್ತಿರ ಒಂದು. ದಂಟು ಮೊಣಕಾಲುದ್ದ ಒತ್ತಾಗಿ ಬೆಳೆದಿದ್ದ ಮಡಿಯಲ್ಲಿ ಒಂದೂ ಇಲ್ಲ. ಒಂದು ಸಂಜೆ ಬೋರ್‌ವೆಲ್ ನೀರು ಮರೆತು ಬಿಟ್ಟು ಪಾಲಕ್ ಮಡಿ ಕೆಸರಾಗಿತ್ತು. ಆ ರಾತ್ರಿ ಅಲ್ಲಿಗೆ ಹೆಜ್ಜೆ ಬಂದು, ಅಂಚಿನಲ್ಲಿ ನಿಂತು, ವಾಪಸ್ ಹೋಗಿತ್ತು. ಪುಡಿಯ ಮೇಲೆ ತಿರುಗಿ ಹೋದ ಗುರುತು ಸ್ಪಷ್ಟವಾಗಿತ್ತು. ಸಿಕ್ಕ ಸುಳಿವುಗಳಲ್ಲೆಲ್ಲ ನನಗೆ ಬಹಳ ಬೆಲೆಯುಳ್ಳದ್ದು ಅದೇ.

ಇನ್ನೊಂದು ಸುಳಿವು ಹೊರಗಿನಿಂದ ಬಂತು. ಎದುರು ಸಾಲಿನಲ್ಲಿ ಹೊಸದಾಗಿ ಎದ್ದ ಮನೆಯ ಗಾರೆ ಮೇಸ್ತ್ರಿ ಯಾವುದೋ ಬಾಕಿ ಕೆಲಸಕ್ಕೆ ಬಂದಿದ್ದರು. ನಾನು ಜರಡಿ ಹಿಡಿದು ಕೂತಿದ್ದು ನೋಡಿ ನಕ್ಕು, ವಿಷಯ ಕೇಳಿ ಹೇಳಿದರು:

"ಅಯ್ಯೋ ಸಾರ್, ನಮ್ಮ ಮರಳು ಗುಡ್ಡೇಲಿ ಒಂದು ವರ್ಷ ಅವುಗಳದ್ದೇ ದರ್ಬಾರು. ಪ್ಲಾಸ್ಟರಿಂಗಿಗೆ ಜರಡಿ ಹಿಡಿದ್ರೆ ದಿನಾ ಒಂದು ಬೊಗಸೆ ಸಿಗ್ತಿತ್ತು. ಹುಡುಗರು ಬೈಕೊಂಡು ಎತ್ತಿಹಾಕೋರು."

"ಗುಡ್ಡೆ ಯಾವಾಗ ಖಾಲಿಯಾಯ್ತು?"

"ಗೃಹಪ್ರವೇಶಕ್ಕೆ ಮುಂಚೆ. ಫೆಬ್ರವರಿಯಲ್ಲಿ."

ಐದು ಬೆಕ್ಕುಗಳ ಕಕ್ಕಸನ್ನು ಟ್ರಾಕ್ಟರಿನಲ್ಲಿ ತುಂಬಿಕೊಂಡು ಹೋಗಿದ್ದರು. ಅವುಗಳಿಗೆ ಬೀದಿಯಲ್ಲಿ ಉಳಿದಿದ್ದ ಸಡಿಲ ಮಣ್ಣು ಎಂದರೆ ಅಮ್ಮನ ಮಡಿ. ಸುತ್ತ ಎಲ್ಲರ ಮನೆಯ ಮುಂದೂ ಟೈಲ್ಸ್, ಸಿಮೆಂಟ್, ಇಂಟರ್‌ಲಾಕ್ ಇಟ್ಟಿಗೆ. ಮಣ್ಣು ಉಳಿಸಿಕೊಂಡ ತಪ್ಪಿಗೆ ನಮಗೆ ಈ ದಂಡ.

ಬೆಕ್ಕಿಗೆ ಮರಳಿನ ಮೋಹ ಯಾಕೆಂದರೆ ಅದರ ಮೂಲ ಅಂಥದ್ದು. ಮನೆಬೆಕ್ಕಿನ ಪೂರ್ವಜ ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ಒಣಗಿದ, ಸಡಿಲವಾದ, ಕೆರೆದರೆ ಸುಲಭವಾಗಿ ಸರಿದು ಮತ್ತೆ ಮುಚ್ಚಿಕೊಳ್ಳುವ ನೆಲ ಅದಕ್ಕೆ ಬೇಕು. ವಿದೇಶಗಳಲ್ಲಿ ಮನೆಯೊಳಗಿನ ಬೆಕ್ಕಿಗೆ ಮೊದಲೆಲ್ಲ ಮರಳು, ಬೂದಿಯನ್ನೇ ಇಡುತ್ತಿದ್ದರು. 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಎಂಬಾತ ಒಣ ಜೇಡಿಮಣ್ಣಿನ ಕಾಳನ್ನು ಇದಕ್ಕೆಂದೇ ಮಾರಲು ಶುರುಮಾಡಿ ದೊಡ್ಡ ಉದ್ಯಮ ಕಟ್ಟಿದ. ನಾವು ಕೋಕೋಪೀಟ್, ಎರೆಗೊಬ್ಬರ ಬೆರೆಸಿ, ಗಂಟು ಒಡೆದು, ಕೈಯಾಡಿಸಿ ಹದ ಮಾಡಿ ಬೀಜಕ್ಕೆಂದು ಸಿದ್ಧಪಡಿಸುವ ಮಣ್ಣಿದೆಯಲ್ಲ, ಬೆಕ್ಕಿನ ಕಣ್ಣಿಗೆ ಅದು ಪುಕ್ಕಟೆ ಸಿಕ್ಕ ಅದೇ ಸರಕು. ಹದ ಹೆಚ್ಚಿದಷ್ಟೂ ಅದಕ್ಕೆ ಖುಷಿ.

ಹಾಗಾಗಿ ಪ್ರಶ್ನೆ ಬೆಕ್ಕಿನದಲ್ಲ, ಮಣ್ಣಿನದು ಎಂದು ತೀರ್ಮಾನಿಸಿದೆ. ಮಡಿಯ ಮಣ್ಣು ರಾತ್ರಿ ಹೊತ್ತು ಕೆರೆಯಲು ಬಾರದಂತಿರಬೇಕು, ಕೆರೆಯಲು ಬರುವ ಇನ್ನೊಂದು ಜಾಗ ಹತ್ತಿರದಲ್ಲೇ ಇರಬೇಕು.

ಕಡ್ಡಿ, ಜಾಲರಿ, ಜಲ್ಲಿ

ಮೊದಲು ಹಳೆಯದನ್ನು ತೆಗೆಯಬೇಕಿತ್ತು. ವಾಸನೆ ಉಳಿದಿದ್ದರೆ ಅದೇ ಜಾಗಕ್ಕೆ ಮತ್ತೆ ಬರುತ್ತವೆ. ರಬ್ಬರ್ ಗ್ಲೌಸ್ ಹಾಕಿ, ಕೆಟ್ಟ ಜಾಗಗಳಲ್ಲಿ ಮೂರಿಂಚು ಮಣ್ಣನ್ನು ಕರಣೆಯಲ್ಲಿ ಎತ್ತಿ, ಕಣಗಿಲೆ ಬುಡದಲ್ಲಿ ಎರಡಡಿ ಗುಂಡಿ ತೋಡಿ ಹೂತೆ. ಗೊಬ್ಬರದ ಗುಂಡಿಗೆ ಹಾಕಲಿಲ್ಲ. ಹಸುವಿನ ಸಗಣಿಯ ಹಾಗೆ ಇದೂ ಗೊಬ್ಬರವೇ ಅಲ್ಲವೇ ಎಂದು ಮೇಷ್ಟ್ರು ಕೇಳಿದರು. ಅಲ್ಲ. ಮಾಂಸ ತಿನ್ನುವ ಪ್ರಾಣಿಯ ಮಲದಲ್ಲಿ ನಮಗೆ ಹತ್ತುವ ಹುಳುವಿನ ಮೊಟ್ಟೆಗಳಿರಬಹುದು, ಮನೆಯ ಗೊಬ್ಬರದ ಡಬ್ಬಿ ಅವನ್ನು ಕೊಲ್ಲುವಷ್ಟು ಬಿಸಿಯಾಗುವುದಿಲ್ಲ.

ಬಿತ್ತಿದ ಮಡಿಗೆ ಮೊದಲು ಕೋಳಿ ಜಾಲರಿ ಹಾಸಿದೆ, ಒಂದಿಂಚು ಕಣ್ಣಿನದು. ನಾಲ್ಕು ಮೂಲೆಗೆ ತಂತಿ ಬಗ್ಗಿಸಿ ಗೂಟ. ಬೆಕ್ಕುಗಳು ಬಂದು ಒಂದು ಸಲ ಕೆರೆದು, ಉಗುರು ತಂತಿಗೆ ತಾಗಿ, ಬಿಟ್ಟವು. ಆದರೆ ಸೊಪ್ಪು ಕೀಳುವಾಗ ತಂಟೆ. ಕೊತ್ತಂಬರಿಯನ್ನು ನಾವು ಬೇರುಸಹಿತ ಕೀಳುತ್ತೇವೆ; ಬೇರು ಜಾಲರಿಗೆ ಸಿಕ್ಕಿಕೊಂಡು ಮಡಿಯೇ ಎದ್ದು ಬಂತು. ಜಾಲರಿ ಬದನೆ, ಮೆಣಸಿನಗಿಡದಂಥ ನೆಟ್ಟು ಬಿಡುವ ಗಿಡಗಳಿಗೆ ಸರಿ, ಕಿತ್ತು ತಿನ್ನುವ ಸೊಪ್ಪಿಗಲ್ಲ.

ಸೊಪ್ಪಿಗೆ ದಾರಿ ತೋರಿಸಿದ್ದು ಅಮ್ಮ. ಹಳೆಯ ತೆಂಗಿನ ಪೊರಕೆ ಬಿಚ್ಚಿದರು. ಕಡ್ಡಿಗಳನ್ನು ಮುಕ್ಕಾಲಡಿಗೆ ಮುರಿದು, ಕೈ ಬೆರಳು ಜೋಡಿಸಿದರೆ ಎಷ್ಟು ಅಗಲವೋ ಅಷ್ಟಷ್ಟು ದೂರಕ್ಕೆ ಮಡಿಯ ತುಂಬ ಚುಚ್ಚಿದರು. ಚೂಪು ತುದಿ ಮಣ್ಣಿಗೆ, ದಪ್ಪ ತುದಿ ಮೇಲಕ್ಕೆ. ಬಗ್ಗಿದಾಗ ಕಣ್ಣಿಗೆ ಚುಚ್ಚಬಾರದಲ್ಲ. ಬೆಕ್ಕು ಕೂರುವ ಮುಂಚೆ ಒಂದು ಸುತ್ತು ತಿರುಗುತ್ತದೆ, ಮುಂಗಾಲಲ್ಲಿ ಕೆರೆಯುತ್ತದೆ, ಮತ್ತೆ ತಿರುಗಿ ಮೂಸುತ್ತದೆ. ಕಡ್ಡಿಗಳ ನಡುವೆ ಇದ್ಯಾವುದಕ್ಕೂ ಜಾಗವಿಲ್ಲ. ಮೂವತ್ತೆರಡು ಚದರಡಿ ಮಡಿಗೆ ಒಂದೂವರೆ ಪೊರಕೆ ಸಾಕಾಯಿತು. ಸೊಪ್ಪು ಗೇಣುದ್ದ ಬಂದ ಮೇಲೆ ಕಡ್ಡಿ ಕಿತ್ತು ಮುಂದಿನ ಮಡಿಗೆ. ನಾನು ಸಾವಿರದ ಇನ್ನೂರು ಕೊಟ್ಟು ತರಿಸಿದ ಯಂತ್ರ ಅಟ್ಟದ ಮೇಲಿದೆ.

ಕುಂಡಗಳಿಗೆ ಮನೆ ಕಟ್ಟಿದವರ ಹತ್ತಿರ ಉಳಿದಿದ್ದ ಮುಕ್ಕಾಲಿಂಚು ಜಲ್ಲಿ ಕೇಳಿ ತಂದು ಒಂದು ಪದರ ಹರಡಿದೆ. ತುಳಸಿಗೆ ಅಮ್ಮ ನದಿಯ ನುಣುಪು ಕಲ್ಲು ಜೋಡಿಸಿದರು, ನೋಡಲು ಲಕ್ಷಣವಾಗಿಯೂ ಇದೆ. ದೊಡ್ಡ ಗಿಡಗಳ ಬುಡಕ್ಕೆ ತೆಂಗಿನ ಸಿಪ್ಪೆ, ಉಬ್ಬಿದ ಮುಖ ಮೇಲೆ ಮಾಡಿ ಒತ್ತೊತ್ತಾಗಿ. ಸಣ್ಣಗೆ ಮಾಡಿದ ತರಗೆಲೆ, ಮರದ ಹೊಟ್ಟು ಹಾಕಬೇಡಿ; ಅದು ಅವಕ್ಕೆ ಇನ್ನೂ ಮೆತ್ತನೆ ಹಾಸಿಗೆ.

ನೀರು ಹಾಯಿಸುವ ಹೊತ್ತನ್ನೂ ಬದಲಿಸಿದೆವು. ಬೆಳಿಗ್ಗೆ ಏಳಕ್ಕೆ ಹಾಕುತ್ತಿದ್ದುದನ್ನು ಸಂಜೆ ಆರೂವರೆಗೆ ತಂದೆವು. ಬೆಳಿಗ್ಗೆ ಹಾಕಿದರೆ ರಾತ್ರಿಯೊಳಗೆ ಮೇಲ್ಮಣ್ಣು ಒಣಗಿ ಬೆಕ್ಕಿಗೆ ಹದವಾಗಿರುತ್ತದೆ. ಸಂಜೆ ಹಾಕಿದರೆ ಅದು ಓಡಾಡುವ ಹೊತ್ತಿಗೆ ಹಸಿ. ಎಲೆಗೆ ಬೀಳದಂತೆ ಬುಡಕ್ಕೆ ಮಾತ್ರ ಬಿಡಬೇಕು, ಇಲ್ಲದಿದ್ದರೆ ಸಸಿ ಕೊಳೆಯುತ್ತದೆ. ನಮ್ಮದೊಂದು ಸಾಲು ಮೆಂತ್ಯ ಹಾಗೇ ಹೋಯಿತು.

ಅವುಗಳ ಜಾಗ

ನುಗ್ಗೆಮರದ ಕೆಳಗೆ, ಸಂಪಿನಿಂದಾಚೆ, ಇಟ್ಟಿಗೆ ಜೋಡಿಸಿ ಮೂರಡಿಗೆ ಎರಡಡಿ ಪೆಟ್ಟಿಗೆ ಮಾಡಿದೆ. ಗಾರೆ ಹಾಕಲಿಲ್ಲ, ಅಡಿಯಲ್ಲಿ ನೆಲವೇ. ಅರ್ಧ ಅಡಿ ಮರಳು. ಮೇಸ್ತ್ರಿಯೇ ಕಳಿಸಿಕೊಟ್ಟರು. "ಅವುಗಳದ್ದೇ ಸಾರ್, ಅವುಗಳಿಗೇ ಕೊಡಿ" ಅಂದರು.

ಮೊದಲ ಎರಡು ರಾತ್ರಿ ಯಾವುದೂ ಬರಲಿಲ್ಲ. ಮೂರನೇ ದಿನ ಹೂತಿದ್ದ ಮಣ್ಣಿನಿಂದ ಒಂದು ಚಮಚದಷ್ಟು ತೆಗೆದು ಮರಳಿನ ಮಧ್ಯೆ ಇಟ್ಟೆ. ಮಾರನೇ ಬೆಳಿಗ್ಗೆ ಅಲ್ಲಿ ನೀಟಾಗಿ ಕೆರೆದು ಮುಚ್ಚಿದ ಒಂದು ದಿಬ್ಬವಿತ್ತು. ಬೆಕ್ಕಿನ ಹೇಲು ನೋಡಿ ಇಷ್ಟು ಸಂತೋಷವಾಗುತ್ತದೆ ಅಂದುಕೊಂಡಿರಲಿಲ್ಲ. ಅಮ್ಮನನ್ನು ಕೂಗಿ ಕರೆದು ತೋರಿಸಿದೆ. "ಇದನ್ನ ನೋಡಕ್ಕೆ ಕರೆದ್ಯಾ?" ಅಂದರು, ಆದರೆ ಬಗ್ಗಿ ನೋಡಿದರು.

ದಿನಾ ಬೆಳಿಗ್ಗೆ ತೂತಿನ ಸೌಟಿನಲ್ಲಿ ಜರಡಿ ಹಿಡಿದು ಎತ್ತುವುದು ನನ್ನ ಕೆಲಸ, ನಾಲ್ಕು ನಿಮಿಷ. ದಿನಾ ಎತ್ತಬೇಕು ಅನ್ನುವುದಕ್ಕೆ ಎರಡು ಕಾರಣ. ಪೆಟ್ಟಿಗೆ ಕೊಳಕಾದರೆ ಬೆಕ್ಕು ಬೇರೆ ಕಡೆ ನೋಡುತ್ತದೆ. ಇನ್ನೊಂದು ಕಾರಣ ತಂಗಿ.

ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿಯ ಬಗ್ಗೆ ಗರ್ಭಿಣಿಯರಿಗೆ ಹೇಳುವ ಎಚ್ಚರಿಕೆ ಸರಿ. ಆದರೆ ಮನೆಮನೆಯಲ್ಲಿ ಅದು ಬೆಕ್ಕು ಕಂಡರೆ ಹೌಹಾರುವ ಭಯವಾಗಿ ಬೆಳೆದಿದೆ. ಬೆಕ್ಕು ಇದನ್ನು ಜೀವನಪೂರ್ತಿ ಹೊರಹಾಕುತ್ತಿರುವುದಿಲ್ಲ. ಸೋಂಕಿದ ಇಲಿ, ಹಕ್ಕಿ ತಿಂದು ಮೊದಲ ಸಲ ಹತ್ತಿಸಿಕೊಂಡಾಗ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಲದಲ್ಲಿ ಅದರ ಅಂಡಕೋಶಗಳು, ಅಂದರೆ ಮೊಟ್ಟೆಯಂಥ ಕಣಗಳು, ಬರುತ್ತವೆ. ಬಂದ ತಕ್ಷಣ ಅವು ಅಂಟುವುದಿಲ್ಲ, ಹೊರಗೆ ಒಂದರಿಂದ ಐದು ದಿನ ಬೇಕು. ಅದಾದ ಮೇಲೆ ಮಾತ್ರ ತೇವದ ಮಣ್ಣಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿರಬಲ್ಲವು. ಅಂದರೆ ನಿನ್ನೆಯದನ್ನು ಇವತ್ತೇ ಎತ್ತಿದರೆ ಅಪಾಯದ ದೊಡ್ಡ ಪಾಲು ಕಳೆಯುತ್ತದೆ. ತಿಂಗಳ ಹಿಂದೆ ಮಡಿಯಲ್ಲಿ ಹೂತುಹೋದದ್ದೇ ನಿಜವಾಗಿ ಚಿಂತೆಯ ವಿಷಯ. ಗೋಡೆ ಮೇಲೆ ಕೂತ ಬೆಕ್ಕಿಗಿಂತ ತೊಳೆಯದ ಸೊಪ್ಪು, ಮಣ್ಣಾದ ಕೈ, ಅರೆಬೆಂದ ಮಾಂಸ ಹೆಚ್ಚು ಅಪಾಯ.

ತಂಗಿ ಬಂದ ಮೇಲೆ ಮೂರು ನಿಯಮ ಇಟ್ಟುಕೊಂಡೆವು. ಅವಳು ಮಣ್ಣು ಮುಟ್ಟುವಂತಿಲ್ಲ, ಪೆಟ್ಟಿಗೆಯ ಹತ್ತಿರ ಹೋಗುವಂತಿಲ್ಲ. ಕೋಸಂಬರಿಗೆ, ಚಟ್ನಿಗೆ, ಸಾರಿನ ಮೇಲೆ ಉದುರಿಸಲಿಕ್ಕೆ ಮಡಿಯ ಹಸಿ ಕೊತ್ತಂಬರಿ ಬೇಡ. ಹುಳಿಗೆ, ಪಲ್ಯಕ್ಕೆ ಬೇಯಿಸಿದ್ದಾದರೆ ಅಡ್ಡಿಯಿಲ್ಲ. ಎಲ್ಲ ಸೊಪ್ಪೂ ಹರಿಯುವ ನೀರಿನಲ್ಲಿ ಎಲೆ ಬಿಡಿಸಿ ತೊಳೆಯುವುದು. ಅಮ್ಮ ಉಪ್ಪು ಅರಿಶಿನದ ನೀರಲ್ಲಿ ನೆನೆಸಿಟ್ಟರೆ ಸಾಕು ಅಂತಿದ್ದರು. ಈ ಅಂಡಕೋಶಗಳು ಕ್ಲೋರಿನ್ನಿಗೇ ಜಗ್ಗುವುದಿಲ್ಲ, ಉಪ್ಪು ಅರಿಶಿನಕ್ಕೆ ಜಗ್ಗುತ್ತವೆಯೇ? ಬೆಂಕಿಗೆ ಜಗ್ಗುತ್ತವೆ. ವೈದ್ಯರ ಸಲಹೆಯ ಮೇಲೆ ರಕ್ತಪರೀಕ್ಷೆ ಮಾಡಿಸಿದೆವು, ಚಿಂತೆಗೆ ಕಾರಣವಿರಲಿಲ್ಲ.

ಅಜ್ಜಿ

ಗಡವನ ವಿಷಯ ಬೇರೆ ಇತ್ತು. ಅದು ಪೆಟ್ಟಿಗೆಗೆ ಬರುತ್ತಿರಲಿಲ್ಲ. ಗೇಟಿನ ಕಂಬಕ್ಕೆ, ಸ್ಕೂಟರ್ ಚಕ್ರಕ್ಕೆ ಬಾಲ ಎತ್ತಿ ಉಚ್ಚೆ ಚಿಮ್ಮಿಸುತ್ತಿತ್ತು. ಇದು ಕಕ್ಕಸು ಹುಡುಕುವುದಲ್ಲ, ಇದು ನನ್ನ ಸೀಮೆ ಎಂದು ಬರೆದಿಡುವುದು. ಇದಕ್ಕೆ ಕಡ್ಡಿಯೂ ಆಗದು, ಜಲ್ಲಿಯೂ ಆಗದು. ಅತ್ತ ಮೂರು ಬಣ್ಣದ್ದರ ಹೊಟ್ಟೆ ಮತ್ತೆ ಇಳಿಬಿದ್ದಿರುವ ಹಾಗೆ ಕಾಣುತ್ತಿತ್ತು. ಬೆಕ್ಕು ಗರ್ಭ ಧರಿಸಿದ ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಆ ಮರಿ ನಾಲ್ಕೈದು ತಿಂಗಳಿಗೆ ತಾನೇ ಗಬ್ಬವಾಗಬಲ್ಲದು. ಐದಕ್ಕೆ ಸಾಕಾದ ಪೆಟ್ಟಿಗೆ ಹದಿನೈದಕ್ಕೆ ಸಾಕಾಗುವುದಿಲ್ಲ.

ಅಜ್ಜಿಯ ಮನೆಗೆ ನಾನೊಬ್ಬನೇ ಹೋದೆ. ಅಮ್ಮ ಮಡಿಯ ಮೊದಲ ಕಟ್ಟು ದಂಟು ಕೊಟ್ಟು ಕಳಿಸಿದ್ದರು, ರಾಜಿಯ ಮಾತಾಡಿರಲಿಲ್ಲ.

"ಬೈಯಕ್ಕೆ ಬಂದ್ಯೇನಪ್ಪಾ?" ಅಂದರು ಅಜ್ಜಿ.

"ಇಲ್ಲ ಅಜ್ಜಿ, ಸೊಪ್ಪು ಕೊಡಕ್ಕೆ. ಬೆಕ್ಕುಗಳಿಗೆ ಏನು ಹಾಕ್ತೀರಿ?"

"ಏನು ಹಾಕ್ತೀನಿ, ಅರ್ಧ ಲೀಟರ್ ಹಾಲು. ಪಾಪ, ಬಾಯಿ ಬಾರದ್ದು. ಈಚೆಗೆ ಅವಕ್ಕೆ ಹೊಟ್ಟೆ ಸರಿ ಇಲ್ಲ ಕಣಪ್ಪ, ನೀರು ನೀರಾಗೇ ಹೋಗ್ತವೆ."

ನನಗೆ ನಗು ಬಂತು, ತಡೆದುಕೊಂಡೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಅರಗುವುದಿಲ್ಲ, ಭೇದಿಯಾಗುತ್ತದೆ. ಭೇದಿಯಾದದ್ದು ಪೆಟ್ಟಿಗೆಯವರೆಗೂ ತಡೆದುಕೊಂಡು ಬರಲಾಗದೆ ಎಲ್ಲೆಂದರಲ್ಲಿ ಮಾಡಿಕೊಳ್ಳುತ್ತಿತ್ತು. ಸಂಪಿನ ಹತ್ತಿರ ಆಗಾಗ ಕಾಣುತ್ತಿದ್ದುದು ಇದೇ. ಹಾಲಿನ ಬದಲು ನೀರು, ಅನ್ನಕ್ಕೆ ಬೇಯಿಸಿದ ಮೊಟ್ಟೆ ಕಲಸಿ ಇಡಿ ಅಂದೆ. ಅಜ್ಜಿ ಮೊಟ್ಟೆ ಮುಟ್ಟುವವರಲ್ಲ. ಕೊನೆಗೆ ಅಂಗಡಿಯ ಬೆಕ್ಕಿನ ಕಾಳಿಗೆ ಒಪ್ಪಿದರು. ಅದರಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ವಾರದೊಳಗೆ ಪೆಟ್ಟಿಗೆಯಲ್ಲಿ ಸಿಗುತ್ತಿದ್ದುದು ಗಟ್ಟಿಯಾಯಿತು, ಎತ್ತಲು ಸುಲಭವಾಯಿತು.

ಮರಿಯಾಗದಂತೆ ಮಾಡುವ ಆಪರೇಷನ್ನಿಗೆ ಒಪ್ಪಿಸುವುದಕ್ಕೆ ಇನ್ನೂ ಮೂರು ಸಲ ಹೋಗಬೇಕಾಯಿತು. "ಪಾಪ ಬರುತ್ತೆ" ಎಂದರು. ಕಳೆದ ವರ್ಷ ಕಾರಿನಡಿ ಹೋದ ಮರಿಗಳ ಲೆಕ್ಕ ಅವರೇ ಬೆರಳು ಮಡಿಸಿ ಹೇಳಿದರು, ಹೇಳುತ್ತಾ ಹೇಳುತ್ತಾ ಒಪ್ಪಿದರು. ಬೋನು ಎರವಲು ತಂದೆವು. ಹಿಡಿಯುವ ಹಿಂದಿನ ರಾತ್ರಿ ಊಟ ಇಡಲಿಲ್ಲ, ಹಸಿದವು ತಾವಾಗಿಯೇ ಒಳಗೆ ಹೋದವು. ಪಶುವೈದ್ಯರು ನೋಡಿ, ಮೂರು ಬಣ್ಣದ್ದು ಗಬ್ಬವಲ್ಲ, ಹಳೆಯ ಹೆರಿಗೆಗಳಿಂದ ಹೊಟ್ಟೆ ಜೋತಿದೆ ಅಷ್ಟೆ ಅಂದರು. ಮೇ ಕೊನೆಯಿಂದ ಜುಲೈವರೆಗೆ ನಾಲ್ಕಕ್ಕೆ ಆಯಿತು. ಎಡಕಿವಿಯ ತುದಿ ಕತ್ತರಿಸಿ ಗುರುತು ಮಾಡಿದರು. ಖರ್ಚನ್ನು ನಾವು, ಅಜ್ಜಿ, ಮೇಷ್ಟ್ರು ಹಂಚಿಕೊಂಡೆವು. ಗಡವನ ಉಚ್ಚೆಯ ಘಾಟು ತಕ್ಷಣ ಹೋಗಲಿಲ್ಲ, ಐದಾರು ವಾರ ಹಿಡಿಯಿತು. ಈಗ ಚಿಮ್ಮಿಸುವುದು ಅಪರೂಪ. ಕರಿಬೆಕ್ಕು ಮಾತ್ರ ಇವತ್ತಿಗೂ ಬೋನಿಗೆ ಬಿದ್ದಿಲ್ಲ. ಬೋನಿನ ಮೇಲೆ ಹತ್ತಿ ಕೂರುತ್ತದೆ.

ಆಮೇಲಿನದು

ಮೇ ತಿಂಗಳಿಡೀ ಮಡಿ, ಕುಂಡಗಳಲ್ಲಿ ಸಿಕ್ಕಿದ್ದು ಆರು. ಜೂನಿನಲ್ಲಿ ಎರಡು. ಜುಲೈಯಲ್ಲಿ ಒಮ್ಮೆಗೇ ಒಂಬತ್ತು. ಜಡಿಮಳೆಗೆ ಪೆಟ್ಟಿಗೆ ಕೆಸರಾಗಿ, ಎಲ್ಲವೂ ಸಜ್ಜದ ಕೆಳಗಿನ ಒಣ ಕುಂಡಗಳಿಗೆ ಮರಳಿದ್ದವು. ಜಲ್ಲಿ ಹಾಕದೆ ಬಿಟ್ಟಿದ್ದ ನಾಲ್ಕು ಕುಂಡ ಹುಡುಕಿ ಹುಡುಕಿ ಕೂತಿದ್ದವು. ಪೆಟ್ಟಿಗೆಯ ಮೇಲೆ ಎರಡಡಿ ಎತ್ತರಕ್ಕೆ ಹಳೆಯ ತಗಡು ನಿಲ್ಲಿಸಿ, ಮರಳು ಬದಲಿಸಿದ ಮೇಲೆ ಸರಿಹೋಯಿತು. ಇದು ಏಪ್ರಿಲಿನಲ್ಲೇ ಹೊಳೆಯಬೇಕಿತ್ತು.

ತಂಗಿಗೆ ಆಗಸ್ಟಿನಲ್ಲಿ ಹೆಣ್ಣುಮಗು. ಮಗುವಿನ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಮೂರು ಬಣ್ಣದ್ದು ಮಲಗುತ್ತಿತ್ತು. ಅಮ್ಮ ಮೊದಮೊದಲು ಪೊರಕೆ ತೋರಿಸುತ್ತಿದ್ದರು. ಆಮೇಲೆ ತೋರಿಸಲು ಪೊರಕೆಯಲ್ಲಿ ಕಡ್ಡಿಯೇ ಉಳಿದಿರಲಿಲ್ಲ.

ಡಿಸೆಂಬರಿನಲ್ಲಿ ನಮ್ಮ ಮನೆಯಿಂದ ಎರಡು ಸೈಟು ಆಚೆ ಇನ್ನೊಂದು ಮನೆಗೆ ಪಾಯ ತೋಡಿದರು, ಟ್ರಾಕ್ಟರಿನಲ್ಲಿ ಮರಳು ಬಂದು ಬಿತ್ತು. ಅವತ್ತಿನಿಂದ ಪೆಟ್ಟಿಗೆ ಖಾಲಿ. ಹದಿನೆಂಟು ದಿನವಾಯಿತು, ಒಂದೂ ಬಂದಿಲ್ಲ. ಅಲ್ಲಿನ ಹುಡುಗರು ಬೆಳಿಗ್ಗೆ ಜರಡಿ ಹಿಡಿಯುವಾಗ ಬೈಯುವುದು ನಮ್ಮ ಅಂಗಳಕ್ಕೆ ಕೇಳಿಸುತ್ತದೆ. ಮನೆ ಮುಗಿಯಲು ಇನ್ನೂ ಹತ್ತು ತಿಂಗಳಿದೆಯಂತೆ. ಮರಳು, ತಗಡು ಎಲ್ಲ ಹಾಗೇ ಇಟ್ಟಿದ್ದೇನೆ.